ಮೂಲವಸ್ತುಗಳ ಮನೆತನ

ಆವರ್ತ ಕೋಷ್ಟಕದ ಪಾಠ ಬಂದಿತೆಂದರೆ ನಾವು ಮಗ್ಗಿ ಒಪ್ಪಿಸುವಂತೆ ಜಲಜನಕ, ಹೀಲಿಯಂ, ಲಿಥಿಯಂ ಎಂದು ಬಾಯಿಪಾಠಕ್ಕೆ ಕೂಡುತ್ತೇವೆ. ಪರೀಕ್ಷೆಯ ಮರುದಿನ ಒಂದೂ ನೆನಪಿರುವುದಿಲ್ಲ. ಈ ಪದ್ಧತಿಯೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ, ಮನೆತನ ಹಿಡಿದು ಓದಬೇಕು.

ಊರಲ್ಲಿ ಹೊಸ ಹುಡುಗ ಕಂಡರೆ ಹಿರಿಯರು ಮೊದಲು ಕೇಳುವುದು "ಯಾರ ಮನಿಯಾಂವೋ ನೀ?" ಎಂದಲ್ಲವೇ? 1869ರಲ್ಲಿ ಕೋಷ್ಟಕ ರಚಿಸಿದ ರಷ್ಯದ ಮೆಂಡೆಲೀವನೂ ಮನೆತನ ನೋಡಿಯೇ ಖಾಲಿ ಸ್ಥಳ ಬಿಟ್ಟನು. ಅಲ್ಲಿಗೆ ಬರಬೇಕಾದ ವಸ್ತುವಿಗೆ ನಮ್ಮ ಸಂಸ್ಕೃತದ 'ಏಕ' ಶಬ್ದ ಸೇರಿಸಿ 'ಏಕ-ಅಲ್ಯುಮಿನಿಯಂ' ಎಂದು ಹೆಸರಿಟ್ಟನು. 1875ರಲ್ಲಿ ಅದು ಗ್ಯಾಲಿಯಂ ಆಗಿ ಸಿಕ್ಕಿತು.

ಮನೆತನದ ಗುಣ ನೋಡಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ನಮ್ಮ ಸಾಂಗಲಿ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಎಷ್ಟೋ ಕಬ್ಬಿನ ಹೊಲಗಳು ಅತಿ ನೀರಿನಿಂದ ಸವಳಾಗಿವೆ. ಸೋಡಿಯಂ ಮಣ್ಣಿನ ಕಣಗಳಿಗೆ ಅಂಟಿ ಕುಳಿತಲ್ಲಿ ನೆಲ ಬಿಗಿದು ನೀರು ಇಂಗದು. ಸೋಡಿಯಂ ಒಂದನೆಯ ಮನೆತನದ್ದು. ಹೊರಗಿನ ಒಂದೇ ಎಲೆಕ್ಟ್ರಾನನ್ನು ಕೊಟ್ಟು ಒಂದು ಧನ ವಿದ್ಯುದಂಶ ಪಡೆಯುತ್ತದೆ. ಜಿಪ್ಸಂ ಹಾಕಿದರೆ ಎರಡನೆಯ ಮನೆತನದ ಕ್ಯಾಲ್ಸಿಯಂ ಬರುತ್ತದೆ. ಅದಕ್ಕೆ ಎರಡು ಅಂಶ. ಎರಡು ಕೈಯಿಂದ ಹಿಡಿದವನ ಮುಂದೆ ಒಂದು ಕೈಯವ ನಿಲ್ಲುವನೇ? ಸೋಡಿಯಂ ಜಾಗ ಬಿಟ್ಟು ನೀರಿನೊಡನೆ ಬಸಿದು ಹೋಗುತ್ತದೆ. (ಬಸಿಗಾಲುವೆ ಇರಬೇಕು, ಇಲ್ಲದಿದ್ದರೆ ಜಿಪ್ಸಂ ದಂಡ.) ಹಾಗೆಂದು ಒಂದೇ ಮನೆಯವರೆಲ್ಲ ಒಂದೇ ಸ್ವಭಾವದವರಲ್ಲ. ಸೋಡಿಯಂನ ತಮ್ಮ ಪೊಟ್ಯಾಶಿಯಂ ನಮ್ಮ ದ್ರಾಕ್ಷಿ ಬಳ್ಳಿಗೆ ಬೇಕೇ ಬೇಕು.

ಇನ್ನು ಜಡಾನಿಲಗಳು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಿಂದ ವೀಕ್ಷಿಸಿದನು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಕಿತ್ತಳೆ ಬಣ್ಣದ ರೇಖೆಯೊಂದು ಕಂಡಿತು. ಅದು ಸೋಡಿಯಂನ ರೇಖೆಯ ಸಮೀಪದ್ದು, ಆದರೆ ಸೋಡಿಯಂನದಲ್ಲ, ಹೀಲಿಯಂನದೆಂದು ಮುಂದೆ ತಿಳಿಯಿತು. ಭೂಮಿಯ ಮೇಲೆ ಹೀಲಿಯಂ ರಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. ಯಾರೊಡನೆಯೂ ಸುಲಭವಾಗಿ ಕೂಡದ ಈ ಅನಿಲಗಳಿಗೆ ಮೆಂಡೆಲೀವನ ಮೊದಲ ಕೋಷ್ಟಕದಲ್ಲಿ ಮನೆಯೇ ಇರಲಿಲ್ಲ, ಹೊಸದಾಗಿ ಕಟ್ಟಬೇಕಾಯಿತು. ಜಮಖಂಡಿ ನಮಗೆ ಬೀಗರ ಊರು. ಇದನ್ನು ಪಾಠದಲ್ಲಿ ಹೇಳಿದರೆ ಹೀಲಿಯಂ ಮರೆಯುವವರು ಯಾರು?

ಹತ್ತನೆಯ ಇಯತ್ತೆ ಮುಗಿಸಿ ನಮ್ಮಲ್ಲಿ ಅನೇಕರು ಮಿರಜಿಗೋ ಸಾಂಗಲಿಗೋ ಹೋಗಿ ಇಂಗ್ಲೀಷಿನಲ್ಲಿ ವಿಜ್ಞಾನ ಓದಬೇಕು. ಅಂಜಿ ಬೇರೆ ಶಾಖೆಗೆ ಹೋಗುವವರೂ ಇದ್ದಾರೆ. ಇಲ್ಲಿಯ ಜಲಜನಕ ಅಲ್ಲಿ ಹೈಡ್ರೋಜನ್ ಆಗುತ್ತದೆ. ಕಂಠಪಾಠದ ಹೆಸರು ನೆರವಿಗೆ ಬಾರದು. ಮನೆತನದ ಗುಣ ಮಾತ್ರ ಭಾಷೆಯೊಡನೆ ಬದಲಾಗದು. ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿ 'ಹೆಸರಿಸಿರಿ' ಎಂಬುದನ್ನು ಕಡಿಮೆ ಮಾಡಿ 'ಏಕೆ?' ಎಂದು ಹೆಚ್ಚಾಗಿ ಕೇಳಬೇಕೆಂದು ಗುರುಗಳಲ್ಲಿ ನಮ್ಮ ವಿನಂತಿ.