ಭಯದ ಹಲವು ಸಾಕ್ಷಿಗಳು

ಬಾಳಿನಲ್ಲಿ ಭಯವನ್ನು ಕಂಡವನು ಅಲ್ಲಿಂದ ಓಡುತ್ತಾನೆ. ಕಥೆಯಲ್ಲಿ ಅದೇ ಭಯವನ್ನು ಕಂಡವನಾದರೋ ಇನ್ನೊಂದು ಕಥೆ ಹೇಳೆಂದು ಕಾಡುತ್ತಾನೆ. ಈ ವೈಚಿತ್ರ್ಯಕ್ಕೆ ನಮ್ಮ ಆಲಂಕಾರಿಕರು ಬಹು ಹಿಂದೆಯೇ ಸಮಾಧಾನ ಹೇಳಿದ್ದಾರೆ. ದುಷ್ಯಂತನ ಬಾಣಕ್ಕೆ ಬೆದರಿ, ಕೊರಳನ್ನು ಹಿಂದಕ್ಕೆ ಹೊರಳಿಸಿ ನೋಡುತ್ತ ಓಡುವ ಜಿಂಕೆಯನ್ನು ಉದಾಹರಿಸಿದ ಅಭಿನವಗುಪ್ತನು, ಅಲ್ಲಿ ಸಹೃದಯನಿಗೆ ಗೋಚರವಾಗುವುದು ತನ್ನದು, ಪರರದು ಎಂಬ ಗುರುತು ಅಳಿದ, ದೇಶಕಾಲಗಳ ಕಟ್ಟು ಕಳಚಿದ ಭಯವೆಂದು ವಿವರಿಸಿದನು. ಅಂಥ ಭಯವು ನಮ್ಮನ್ನು ಓಡಿಸುವುದಿಲ್ಲ, ನಿಲ್ಲಿಸಿ ನೋಡಿಸುತ್ತದೆ.

ಹೀಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ಬಗೆಯ ಹತ್ತು ಭೂತಕಥೆಗಳನ್ನು ಒಟ್ಟುಗೂಡಿಸಿದ ಪುಸ್ತಕವು ಮೂರನೆಯ ಕಥೆಗೇ ಸಪ್ಪೆಯಾಗುವಾಗ, ಕಾಗದ, ಹಾಡು, ದಿನಚರಿ, ಸಂಭಾಷಣೆ, ಚಿತ್ರ ಎಂದು ರೂಪದಿಂದ ರೂಪಕ್ಕೆ ಹಾಯುವ ಸಂಕಲನವು ಕೊನೆಯ ಪುಟದವರೆಗೂ ನಮ್ಮನ್ನು ಹಿಡಿದಿರಿಸುವುದೇಕೆ? ವೈವಿಧ್ಯವು ಬೇಸರವನ್ನು ಕಳೆಯುತ್ತದೆಂಬ ಉತ್ತರ ಸುಲಭವಾದುದು, ನನಗದು ಸಾಲದು. ಕಥನದ ಒಂದೊಂದು ರೂಪವೂ ಒಬ್ಬೊಬ್ಬ ಸಾಕ್ಷಿಯೆಂಬುದು ನನ್ನ ನಂಬಿಕೆ. ಕಾಗದ ಬರೆದವನು ಬರೆಯುವ ಹೊತ್ತಿಗೆ ಬದುಕಿದ್ದನೆಂಬುದಷ್ಟೇ ನಿಶ್ಚಯ. ಹಾಡುವವನು ತಾನು ಕಂಡೆನೆನ್ನುವುದಿಲ್ಲ, ಹಿರಿಯರಿಂದ ಕೇಳಿದೆನೆನ್ನುತ್ತಾನೆ. ಶಾಸನವು ಸೂರ್ಯಚಂದ್ರರನ್ನು ಮುಂದಿಟ್ಟುಕೊಂಡು ನುಡಿಯುತ್ತದೆ. ಒಬ್ಬನೇ ಸಾಕ್ಷಿ ಮಾತಾಡುತ್ತಿರುವಾಗ ಅವನ ದನಿಗೆ ನಾವು ಒಗ್ಗಿಹೋಗುತ್ತೇವೆ, ಒಗ್ಗಿದ ದನಿಯೇ ನಮಗೊಂದು ಆಸರೆಯಾಗುತ್ತದೆ. ಸಾಕ್ಷಿ ಬದಲಾದೊಡನೆ ಆ ಆಸರೆ ತಪ್ಪುತ್ತದೆ. 1897ರಲ್ಲಿ ಹೊರಬಂದ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ದಿನಚರಿ, ಕಾಗದ, ತಂತಿ, ವೃತ್ತಪತ್ರಿಕೆಯ ತುಣುಕು, ವೈದ್ಯನೊಬ್ಬನು ಫೋನೋಗ್ರಾಫಿನಲ್ಲಿ ನುಡಿದಿಟ್ಟ ಟಿಪ್ಪಣಿ ಇವುಗಳಿಂದಲೇ ಕಟ್ಟಿದ ಗ್ರಂಥ; ಯಾರೊಬ್ಬರೂ ಪೂರ್ತಿ ಕಾಣದ ಘೋರವನ್ನು ಅವರೆಲ್ಲರ ತುಣುಕುಗಳ ನಡುವಣ ಎಡೆಗಳಲ್ಲಿ ಓದುಗನೊಬ್ಬನೇ ಕಾಣುತ್ತಾನೆ.

ಈ ವಿಚಾರವನ್ನು ಪರೀಕ್ಷಿಸಿ ನೋಡಲು ದೂರ ಹೋಗಬೇಕಾಗಿಲ್ಲ. ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ನಾಡಿನ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯೇ ಸಾಕು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅದರ ಹೊರಗೋಡೆಯಲ್ಲಿ 140 ಫಲಕಗಳು. ತೆಂಕಣ ಪಾರ್ಶ್ವದ 70ರಲ್ಲಿ ರಾಮಾಯಣ, ಬಡಗಣ ಪಾರ್ಶ್ವದಲ್ಲಿ ಕೃಷ್ಣನ ಚರಿತೆ ಮತ್ತು ಭಾರತ. ಬಡಗಣ ಕಥೆಗಳು ಪ್ರದಕ್ಷಿಣಕ್ರಮದಲ್ಲಿ ಸಾಗಿದರೆ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಆದುದರಿಂದ ಪ್ರದಕ್ಷಿಣೆ ಬರುವ ಭಕ್ತನಿಗೆ ಆ ಕಥೆ ಕೊನೆಯಿಂದ ಮೊದಲಿಗೆ ಇದಿರಾಗಿ ಬರುತ್ತದೆ. ಶಿಲ್ಪಿಯ ಉದ್ದೇಶ ಏನೇ ಇರಲಿ, ಬಾಯಿಪಾಠವಾಗಿರುವ ಕಥೆಯೂ ದಿಕ್ಕು ಬದಲಾದಾಗ ಅಪರಿಚಿತವಾಗುವುದನ್ನು ಆ ಗೋಡೆಯ ಮಗ್ಗುಲಲ್ಲಿ ನಡೆದವರು ಬಲ್ಲರು.

ಅದೇ ಗುಡಿಯ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಗುಡಿ ಎದ್ದ ಹದಿಮೂರು ವರ್ಷಗಳ ತರುವಾಯ, 1209ರಲ್ಲಿ, ಅದೇ ಕೈ ‘ಯಶೋಧರಚರಿತೆ’ಯನ್ನು ಬರೆಯಿತು. ಕನ್ನಡದಲ್ಲಿ ಭಯಾನಕವನ್ನೂ ಬೀಭತ್ಸವನ್ನೂ ಅಷ್ಟು ಸಂಯಮದಿಂದ ಬೆಸೆದ ಇನ್ನೊಂದು ಕಾವ್ಯವನ್ನು ನಾನು ಕಾಣೆ. ಚಂಡಮಾರಿಯ ಗುಡಿಯಲ್ಲಿ ನರಬಲಿಗೆಂದು ತಂದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ. ಇದಿರಿನಲ್ಲಿ ಕತ್ತಿ ಹಿಡಿದ ಮಾರಿದತ್ತ. ಅಂಜದೆ ನಿಂತ ಆ ಹುಡುಗನನ್ನು ಅರಸನು ಯಾರೆಂದು ಕೇಳಿದಾಗ ಅವನು ಹೇಳತೊಡಗುವುದು ಒಂದು ಬಾಳಿನ ಕಥೆಯನ್ನಲ್ಲ, ಸಾಲುಸಾಲಾದ ಜನ್ಮಗಳ ಕಥೆಯನ್ನು. ಮೊದಲು ಅರಮನೆಯ ಶೃಂಗಾರ. ನಡುರಾತ್ರಿಯಲ್ಲಿ ಮಾವುತನೊಬ್ಬನ ಗಾನ, ಮುಖ ಕಾಣುವ ಮುನ್ನವೇ ಆ ದನಿಗೆ ಸೋತ ರಾಣಿ ಅಮೃತಮತಿ. ಕೆಟ್ಟ ಕನಸಿನ ಶಾಂತಿಗೆಂದು ತಾಯಿಯ ಬಲವಂತಕ್ಕೆ ಮಣಿದು ಅವಳ ಗಂಡ ಯಶೋಧರನು ಕಡಿದ ಹಿಟ್ಟಿನ ಕೋಳಿ, ಕಡಿಯುವಾಗ ಆ ಹಿಟ್ಟೇ ಕೂಗಿದ ಕೂಗು. ಆಮೇಲೆ ವಿಷ, ಸಾವು, ನವಿಲು ನಾಯಿ ಮೊದಲಾದ ಜನ್ಮಗಳು. ಪ್ರೇಮಕಥೆ, ಸ್ವಪ್ನ, ಧರ್ಮವಾದ, ಪ್ರಾಣಿಕಥೆ ಎಂಬ ಬೇರೆ ಬೇರೆ ಕಥನಗಳು ಒಂದೇ ಬಲಿಪೀಠದ ಸುತ್ತ ಕುಳಿತಿವೆ. ಹಿಟ್ಟಿನ ಕೋಳಿಯ ಕೂಗು ಬೇರೊಂದು ಕಥೆಯಲ್ಲಿ ಬರಿಯ ಅದ್ಭುತವಾಗುತ್ತಿತ್ತು. ಇಲ್ಲಿ ಹೇಳುವವನ ಕೊರಳ ಮೇಲೆಯೇ ಕತ್ತಿ ತೂಗುತ್ತಿರುವುದರಿಂದ ಅದು ನಮ್ಮ ಎದೆಯನ್ನು ಕುತ್ತುತ್ತದೆ. ಕೇಳುತ್ತ ಕೇಳುತ್ತ ಮಾರಿದತ್ತನು ಬಲಿಯನ್ನು ಬಿಟ್ಟನು. ಭಯಾನಕ ಕಥೆಗೆ ಲೋಕದಲ್ಲಿ ಏನು ಕೆಲಸವೆಂದು ಕೇಳುವವರಿಗೆ, ಕೈಯೆತ್ತಿದ ಅರಸನೊಬ್ಬನ ಕೈಯನ್ನು ಅದು ಇಳಿಸಿತೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಓದು ಬಾರದ ಜನವೂ ಇಂಥ ಮಿಶ್ರರೂಪದಿಂದ ವಂಚಿತರಾಗಿರಲಿಲ್ಲ. ವೀರಗಾಸೆಯವರು ದಕ್ಷಯಜ್ಞದ ಧ್ವಂಸವನ್ನು ಹೇಳುವಾಗ ಒಡಪು ನಿಂತಲ್ಲಿ ವಾದ್ಯ ಮೊಳಗುತ್ತದೆ, ವಾದ್ಯ ನಿಂತಲ್ಲಿ ಕುಣಿತ, ಕುಣಿತದ ತುದಿಯಲ್ಲಿ ಕತ್ತಿಯ ಹೊಳಪು. ಮೂಡಲಪಾಯದ ಬಯಲಾಟದಲ್ಲಿ ರಾಕ್ಷಸವೇಷದ ಆರ್ಭಟ ಮುಗಿಯುವಷ್ಟರಲ್ಲಿ ಸಾರಥಿಯ ಪ್ರಶ್ನೆ, ಭಾಗವತರ ಪದ, ಮುಖವೀಣೆಯ ದನಿ ಬಂದು ಸೇರುತ್ತವೆ.

ಆದರೆ ರೂಪಗಳನ್ನು ಬೆರೆಸಿದ ಮಾತ್ರಕ್ಕೆ ಎಲ್ಲವೂ ಸಿದ್ಧಿಸುವುದೆಂದು ನಾನು ಹೇಳಲಾರೆ. ನಾನಾ ವ್ಯಂಜನಗಳ ಸಂಯೋಗದಿಂದ ರುಚಿ ಹುಟ್ಟುವಂತೆ ನಾನಾ ಭಾವಗಳ ಸಂಯೋಗದಿಂದ ರಸ ಹುಟ್ಟುತ್ತದೆಂದ ಭರತನೇ, ಅವುಗಳ ನಡುವೆ ಅರಸನಂತೆ ಸ್ಥಾಯಿಯೊಂದು ಇರಬೇಕೆಂದೂ ವಿಧಿಸಿದ್ದಾನೆ. ವಿಕ್ರಮನ ಹೆಗಲಿನ ಹೆಣ ಇಲ್ಲದಿದ್ದರೆ ಬೇತಾಳನ ಇಪ್ಪತ್ತೈದು ಕಥೆಗಳು ಬರಿಯ ಒಗಟುಗಳಾಗಿ ಉದುರಿಹೋಗುತ್ತಿದ್ದವು. ಈಚಿನ ಅನೇಕ ಸಂಕಲನಗಳಲ್ಲಿ ನನಗೆ ಕಾಣುವ ಕೊರತೆ ಇದೇ: ಕಾಗದವೂ ಇದೆ, ಚಿತ್ರವೂ ಇದೆ, ದಿನಚರಿಯೂ ಇದೆ, ಹೊರುವ ಹೆಗಲಿಲ್ಲ.

ಈ ಮೂರು ಊರುಗಳ ಸೀಮೆಗೆಂದೇ ಅಂಥದೊಂದು ಸಂಕಲನವನ್ನು ಕಟ್ಟಬೇಕೆಂಬುದು ನನ್ನ ಬಹುಕಾಲದ ಆಸೆ. ಮೊದಲಲ್ಲಿ ಒಂದು ವೀರಗಲ್ಲು: ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲೋಕ. ಅದರ ಬಳಿಕ ವೀರಭದ್ರನ ಒಡಪು, ಅನಂತರ ಜನ್ನನ ಬಲಿಪೀಠ. ಕೊನೆಯದು ‘ಆನಂದ’ರೆಂದು ಹೆಸರಾದ ಅಜ್ಜಂಪುರ ಸೀತಾರಾಮರ ‘ನಾನು ಕೊಂದ ಹುಡುಗಿ’. ಆ ಸಣ್ಣ ಕಥೆಯಲ್ಲಿ ಭೂತವಿಲ್ಲ, ಮಾರಿಯಿಲ್ಲ; ಬಸವಿ ಬಿಟ್ಟ ಒಬ್ಬ ಮುಗ್ಧ ಹುಡುಗಿ, ಅವಳಿಗೆ ಪಾಪಪುಣ್ಯಗಳನ್ನು ಬೋಧಿಸಿದ ಒಬ್ಬ ವಿದ್ಯಾವಂತ ಅತಿಥಿ, ಅವಳ ಸಾವು, ಅಷ್ಟೆ. ಅಭಯರುಚಿಯ ಮುಂದೆ ಮಾರಿದತ್ತನಿದ್ದನು, ಬೇತಾಳನಿಗೆ ವಿಕ್ರಮನಿದ್ದನು. ಈ ನಿರೂಪಕನ ಮುಂದೆ ಯಾವ ಅರಸನೂ ಇಲ್ಲ. ಶೀರ್ಷಿಕೆಯಲ್ಲಿಯೇ ತಪ್ಪೊಪ್ಪಿಕೊಂಡ ಅವನು ಯಾರ ತೀರ್ಪಿಗೆ ಕಾದಿರುವನೆಂದು ಸುತ್ತ ನೋಡಿದರೆ, ಪುಸ್ತಕವನ್ನು ಕೈಯಲ್ಲಿ ಹಿಡಿದವನ ಹೊರತು ಅಲ್ಲಿ ಬೇರೆ ಯಾರೂ ಕಾಣುವುದಿಲ್ಲ.