ಮದುವೆ ಮುರೀತು, ಕೆಲಸ ಮುರೀಲಿಲ್ಲ!



2024ರ ಜೂನ್ ತಿಂಗಳು ನೆನಪಿದೆಯಾ? ಗಾಂಧಿಬಜಾರಿನ ಕಾಫಿ ಹೋಟೆಲಿಗೆ ಹೋದರೂ ಅದೇ ಮಾತು, ಮಲ್ಲೇಶ್ವರದ ಬಸ್ ಸ್ಟಾಪಿನಲ್ಲಿ ನಿಂತರೂ ಅದೇ ಮಾತು. "ಚಂದನ್ ಶೆಟ್ಟಿ, ನಿವೇದಿತಾ ಗೌಡ ಯಾಕೆ ಬೇರೆ ಆದ್ರು ಗುರೂ?" ಕೇಳಿದವನ ಬಾಯಲ್ಲೇ ಉತ್ತರವೂ ರೆಡಿ! "ಎಲ್ಲಾ ಆ ಹುಡುಗಿಯ ರೀಲ್ಸ್ ಹುಚ್ಚು ಕಣೋ..." ಅಂತೆ-ಕಂತೆಗಳ ಸಂತೆಯೇ ನೆರೆಯಿತು.

ಈ ಪ್ರೇಮಕಥೆ ಬೆಳೆದದ್ದು ನಮ್ಮೆಲ್ಲರ ಕಣ್ಣೆದುರಿಗೇ. ಕನ್ನಡ ಬಿಗ್ ಬಾಸ್ ಐದನೇ ಸೀಸನ್ನಿನ ಮನೆಯಲ್ಲಿ ಇಬ್ಬರೂ ಇದ್ದರು. 2018ರ ಜನವರಿಯಲ್ಲಿ ಗೆದ್ದವರು ನಮ್ಮ ರ್‍ಯಾಪರ್ ಚಂದನ್. 2019ರ ಅಕ್ಟೋಬರಿನಲ್ಲಿ ಮೈಸೂರಿನ ಯುವ ದಸರಾ ವೇದಿಕೆಯ ಮೇಲೇ ನಿವೇದಿತಾ ಬೆರಳಿಗೆ ಉಂಗುರ! ಸರ್ಕಾರಿ ಕಾರ್ಯಕ್ರಮದಲ್ಲಿ ಸ್ವಂತ ಪ್ರೇಮ ನಿವೇದನೆಯೇ ಅಂತ ದೊಡ್ಡ ಗಲಾಟೆ ಆಯ್ತು, ಚಂದನ್ ಕ್ಷಮೆ ಕೇಳಿದರು. 2020ರ ಫೆಬ್ರವರಿ 26ರಂದು ಮೈಸೂರಿನಲ್ಲೇ ಮದುವೆ. 2024ರ ಜೂನ್ 7ರಂದು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ.

"ಇಷ್ಟು ಬೇಗ ಹೇಗೆ ಸಿಕ್ತು?" ಅಂತ ಹುಬ್ಬೇರಿಸಿದವರು ಬಹಳ. ಗಂಡ-ಹೆಂಡತಿ ಇಬ್ಬರೂ ಒಪ್ಪಿ ಅರ್ಜಿ ಹಾಕಿದಾಗ ಆರು ತಿಂಗಳು ಕಾಯಿಸಲೇಬೇಕು ಎಂದೇನಿಲ್ಲ ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಅದರಲ್ಲಿ ಮಾಯ-ಮಂತ್ರ ಏನೂ ಇಲ್ಲ.

ಜೂನ್ 10ರಂದು ಇಬ್ಬರೂ ಪತ್ರಕರ್ತರ ಮುಂದೆ ಅಕ್ಕಪಕ್ಕದಲ್ಲೇ ಬಂದು ಕೂತರು. ಜೀವನಶೈಲಿ ಬೇರೆ, ಯೋಚನೆ ಬೇರೆ, ಅದಕ್ಕೇ ಬೇರೆಯಾದೆವು ಎಂದರು. ಮೂರನೆಯವರ ಕಥೆ ಸುಳ್ಳು, ಜೀವನಾಂಶದ ಕಥೆಯೂ ಸುಳ್ಳು ಎಂದರು. ಮುರಿದ ಸಂಸಾರದ ಲೆಕ್ಕವನ್ನು ಊರಿಗೆಲ್ಲ ಒಪ್ಪಿಸಬೇಕಾಗಿ ಬಂತಲ್ಲ, ಅದು ಯಾರ ದೆಸೆಯಿಂದ? ನಮ್ಮ ನಿಮ್ಮಂಥವರ ಬಾಯಿಯ ದೆಸೆಯಿಂದ!

ಅದೇ ವರ್ಷ ಮೇ ತಿಂಗಳಲ್ಲಿ ಪಕ್ಕದ ಚೆನ್ನೈನಲ್ಲೂ ಇಂಥದ್ದೇ ಸುದ್ದಿ. ಸಂಗೀತ ನಿರ್ದೇಶಕ ಜಿ.ವಿ. ಪ್ರಕಾಶ್ ಕುಮಾರ್, ಗಾಯಕಿ ಸೈಂಧವಿ ಶಾಲೆಯ ದಿನಗಳಿಂದ ಗೆಳೆಯರು. 2013ರಲ್ಲಿ ಮದುವೆಯಾದವರು ಹನ್ನೊಂದು ವರ್ಷಕ್ಕೆ ದೂರವಾದರು. ಅಲ್ಲಿಯೂ ಬಾಯಿಗೆ ಬಂದ ಮಾತೇ. ಆದರೆ ಡಿಸೆಂಬರಿನಲ್ಲಿ ಮಲೇಷ್ಯಾದಲ್ಲಿ ಪ್ರಕಾಶ್ ಕಛೇರಿ ನಡೆದಾಗ ಅದೇ ಸೈಂಧವಿ ವೇದಿಕೆ ಹತ್ತಿ ಹಾಡಿದರು!

ನಮ್ಮವರೇನು ಕಡಿಮೆ? 'ಕ್ಯಾಂಡಿ ಕ್ರಷ್' ಅಂತ ಶುರುವಾಗಿ 'ಮುದ್ದು ರಾಕ್ಷಸಿ' ಅಂತ ಹೆಸರು ಬದಲಾದ ಚಿತ್ರಕ್ಕೆ ಚಂದನ್, ನಿವೇದಿತಾ ವಿಚ್ಛೇದನದ ಮೇಲೂ ಒಟ್ಟಿಗೆ ಬಣ್ಣ ಹಚ್ಚಿದರು. ಒಪ್ಪಿಕೊಂಡ ಕೆಲಸ, ಹಣ ಹಾಕಿದ ನಿರ್ಮಾಪಕ, ದುಡಿದ ಹುಡುಗರು... ಯಾರನ್ನೂ ನಡುನೀರಿನಲ್ಲಿ ಕೈಬಿಡಲಿಲ್ಲ.

ಹಾಡು ಹಿಡಿಸದಿದ್ದರೆ ಬೈಯಿರಿ, ಸಿನಿಮಾ ಚೆನ್ನಾಗಿಲ್ಲದಿದ್ದರೆ ಶಿಳ್ಳೆ ಹೊಡೆದು ಎದ್ದು ಬನ್ನಿ. ಟಿಕೆಟ್ಟಿಗೆ ಕಾಸು ಕೊಟ್ಟಿದ್ದೀರಿ, ಆ ಹಕ್ಕು ನಿಮ್ಮದು. ಆದರೆ ಗಂಡ-ಹೆಂಡತಿ ಬೇರೆಯಾದ ಕೂಡಲೇ ಹುಡುಗಿಯದೇ ತಪ್ಪು ಅಂತ ತೀರ್ಪು ಕೊಡುವ ಹಕ್ಕು ಯಾವ ಟಿಕೆಟ್ಟಿನ ಜೊತೆಗೂ ಬರೋದಿಲ್ಲ. ನಾಳೆ ನಿಮ್ಮ ಅಕ್ಕ-ತಂಗಿಯ ಸಂಸಾರದ ಬಗ್ಗೆ ಬಸ್ ಸ್ಟಾಪಿನಲ್ಲಿ ಯಾರೋ ಹೀಗೇ ಮಾತಾಡಿದರೆ ಸುಮ್ಮನಿರ್ತೀರಾ?

ಏನಂತೀರಿ?