ಫ್ರೆಂಚ್ ಕತ್ತಿಗೆ ಗಾಜಿನ ಪೆಟ್ಟಿಗೆ, ನಮ್ಮೂರಿನದಕ್ಕೆ ಗುಜರಿ

ಕಳೆದ ತಿಂಗಳು ಕೋಪರಿಯ ನಮ್ಮ ಮನೆಗೆ ಬಂದ ಕನ್ನಡದ ಗೆಳೆಯರೊಬ್ಬರು ನನ್ನ ಸಂಗ್ರಹದ ಏಳು ಫ್ರೆಂಚ್ ಕ್ಷೌರದ ಕತ್ತಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ‘ವಾಹ್, ಎಂಥ ಅಭಿರುಚಿ ಸಾರ್!’ ಎಂದರು. ಎಂಟನೆಯದನ್ನು ಎತ್ತಿಕೊಂಡಾಗ, ಇದು ಕಲಬುರಗಿ ಕಡೆಯ ಒಂದು ಹಡಪದ ಮನೆತನದ್ದು ಅಂದೆ. ತಕ್ಷಣ ಕೆಳಗಿಟ್ಟು, ‘ಎಷ್ಟು ಜನರ ಗಡ್ಡ ಕೆರೆದಿದೆಯೋ ಏನೋ!’ ಎಂದು ನಕ್ಕರು. ಅಪರಿಚಿತ ಫ್ರೆಂಚರ ಗಡ್ಡ ಕೆರೆದ ಏಳನ್ನು ಅದುವರೆಗೆ ಬೆರಳಿಂದ ಸವರಿ ಸವರಿ ನೋಡಿದ್ದ ಕೈ ಅದೇ!

ಆ ನಗುವಿನ ಬಗ್ಗೆಯೇ ನನ್ನ ತಕರಾರು. ಐದು ವರ್ಷ ನಾನೂ ಹಾಗೇ ಇದ್ದೆನಾದ್ದರಿಂದ ಇದು ನನ್ನ ಮೇಲಿನ ತಕರಾರೂ ಹೌದು.

ನಮ್ಮಂಥ ಹವ್ಯಾಸಿಗಳು ಬಾಯಿಬಿಟ್ಟರೆ ಥಿಯೆರ್ ಎನ್ನುತ್ತೇವೆ. ಮಧ್ಯ ಫ್ರಾನ್ಸಿನ ಆ ಊರಲ್ಲಿ ಸಾಣೆಗಾರರು ಡ್ಯುರೋಲ್ ನದಿಯ ನೀರಿನಿಂದ ತಿರುಗುವ ಕಲ್ಲುಗಳ ಮೇಲೆ, ಹಲಗೆಯಲ್ಲಿ ಬೋರಲು ಮಲಗಿ ಉಕ್ಕು ಮಸೆಯುತ್ತಿದ್ದರು. ಚಳಿಗೆ ಬೆಚ್ಚಗಿರಲೆಂದು ನಾಯಿಯನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಬಡವರ ಬೆವರಿನ ಕಸುಬು ಅದು. ಇಂದು ಅಲ್ಲಿ ಅದಕ್ಕೊಂದು ಮ್ಯೂಸಿಯಂ ಇದೆ. ಪ್ಯಾರಿಸ್ಸಿನ ಕತ್ತಿಗಾರ ಪೆರೆ ಎಂಬಾತ 1769ರಲ್ಲೇ ಸ್ವಂತ ಕ್ಷೌರದ ಬಗ್ಗೆ ಪುಸ್ತಕ ಬರೆದ. ನಾವು ಇವನ್ನೆಲ್ಲ ಓದಿ ‘ಪರಂಪರೆ’ ಎಂದು ತಲೆದೂಗುತ್ತೇವೆ. ಅದೇ ಕಸುಬು ನಮ್ಮೂರಿನದಾದರೆ ಅದರ ಹೆಸರು ಬೈಗುಳವಾಗುತ್ತದೆ.

‘ಅವರ ಉಕ್ಕಿನ ಗುಣಮಟ್ಟವೇ ಬೇರೆ’ ಎನ್ನುವವರಿದ್ದಾರೆ. ಎಂಟನೆಯ ಕತ್ತಿಯ ಬಾಲದ ತುಕ್ಕನ್ನು ಎಣ್ಣೆ ಹಾಕಿ ಮೆಲ್ಲಗೆ ಬಿಡಿಸಿದಾಗ ಕಂಡದ್ದು ಜರ್ಮನಿಯ ಸೋಲಿಂಗೆನ್ ಮುದ್ರೆ. ಉಕ್ಕು ಯುರೋಪಿನದೇ. ಗೆಳೆಯರು ಹೇಸಿದ್ದು ಉಕ್ಕಿಗಲ್ಲ, ಹಿಡಿದ ಕೈಗೆ.

ಅದನ್ನು ಕೊಟ್ಟವರು ಇಲ್ಲೇ ಸಲೂನು ನಡೆಸುವ ಹಿರಿಯರು. ಎಚ್‌ಐವಿ ಭಯ ಹರಡಿದ ಮೇಲೆ ಗಿರಾಕಿಗಳು ಹಳೆಯ ಕತ್ತಿ ಬೇಡವೆಂದರು. ಪ್ರತಿಯೊಬ್ಬರಿಗೂ ಹೊಸ ಅರ್ಧ ಬ್ಲೇಡು ಬಂತು. ಅದು ಸರಿಯೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕತ್ತಿಗಳ ಜೊತೆ ಮಸೆಗಲ್ಲು, ಚರ್ಮದ ಪಟ್ಟಿ, ಕೈಯ ಹದ ಎಲ್ಲವೂ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಒಂದನ್ನು ಅವರು ತಾತನ ನೆನಪಿಗೆಂದು ಉಳಿಸಿಕೊಂಡಿದ್ದರು. ‘ಮಕ್ಕಳು ಮನೆಯಲ್ಲಿ ಇಡಬೇಡ ಅಂತಾರೆ, ನೀವೇ ಇಟ್ಕೊಳ್ಳಿ’ ಎಂದು ಕೊಟ್ಟರು. ಆ ಮಕ್ಕಳನ್ನು ದೂರುವುದು ಸುಲಭ. ಅವರಿಗೆ ನಾಚಿಕೆ ಕಲಿಸಿದವರು ನಾವು.

ಮಸೆಯುವುದನ್ನು ನನಗೆ ಕಲಿಸಿದವರೂ ಅವರೇ. ಎರಡು ವರ್ಷ ವಿಡಿಯೋ ನೋಡಿ ನಾನು ಕತ್ತಿಗಳನ್ನು ಹಾಳು ಮಾಡಿದ್ದೆ. ಬೆನ್ನು ಮತ್ತು ಅಂಚು ಒಟ್ಟಿಗೇ ಕಲ್ಲಿಗೆ ತಾಗಬೇಕು, ಕೋನವನ್ನು ಬೆನ್ನೇ ಕಾಯುತ್ತದೆ ಎಂದು ಅವರು ಒಂದು ಮಧ್ಯಾಹ್ನದಲ್ಲಿ ತೋರಿಸಿದರು. ಬೆನ್ನನ್ನು ಉಜ್ಜಿ ತೆಳುವಾಗಿಸಿದರೆ ಕೋನವೇ ಕೆಡುತ್ತದೆ. ಬಫಿಂಗ್ ಚಕ್ರಕ್ಕೆ ಹಿಡಿದು ಅಂಚು ಸುಮಾರು 200 ಡಿಗ್ರಿ ದಾಟಿದರೆ ಉಕ್ಕಿನ ಹದ ಇಳಿಯತೊಡಗುತ್ತದೆ. ಚೋರ್ ಬಜಾರಿನಿಂದ ತಂದದ್ದನ್ನೆಲ್ಲ ಕನ್ನಡಿಯಂತೆ ಹೊಳೆಯಿಸಿ, ಮುದ್ರೆ ಅಳಿಸಿ, ಫೋಟೋ ಹಾಕುವ ಗೆಳೆಯರೇ, ಅದು ಜೀರ್ಣೋದ್ಧಾರವಲ್ಲ. ಯಾರು ಬಳಸಿದರು ಎಂಬ ಗುರುತನ್ನೇ ಕೆರೆದು ಹಾಕುವ ಕೆಲಸ. ಗುರುತು ಅಳಿದ ಮೇಲೆ ಹೇಸಿಗೆಯೂ ಇರುವುದಿಲ್ಲ, ಅಷ್ಟೇ.

ಹಡಪ ಎಂದರೆ ಎಲೆಯಡಿಕೆಯ ಚೀಲ. ಕ್ಷೌರಿಕನ ಚೀಲವೂ ಹೌದು. ಹಡಪದ ಅಪ್ಪಣ್ಣ ಹನ್ನೆರಡನೆಯ ಶತಮಾನದ ವಚನಕಾರ. ಇನ್ನು ನಾವು ಬದುಕುತ್ತಿರುವ ಈ ಮುಂಬಯಿಯಲ್ಲೇ, 1890ರಲ್ಲಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಕ್ಷೌರಿಕರು ಸಭೆ ಸೇರಿ ನಿರ್ಧರಿಸಿದರು. ಅವರನ್ನು ಸಂಘಟಿಸಿದವರು ‘ದೀನಬಂಧು’ವಿನ ನಾರಾಯಣ ಮೇಘಾಜಿ ಲೋಖಂಡೆ. ಓದಿದವರು ಆ ಪದ್ಧತಿಯ ಬಗ್ಗೆ ವಾದ ಮಾಡುತ್ತಿದ್ದಾಗ ಇವರು ಕತ್ತಿಯನ್ನೇ ಕೆಳಗಿಟ್ಟರು. ಆ ಸಭೆಗೆ ಬಂದವರ ಕತ್ತಿಯೊಂದು ಸಿಕ್ಕಿದ್ದರೆ ನನ್ನ ಏಳನ್ನೂ ಕೊಟ್ಟು ಕೊಳ್ಳುತ್ತಿದ್ದೆ.

ಫ್ರೆಂಚ್ ಕತ್ತಿ ಕೊಳ್ಳಬೇಡಿ ಎನ್ನುತ್ತಿಲ್ಲ. ನಾನೂ ಮಾರುವುದಿಲ್ಲ, ಅವು ಚೆಂದವೇ ಇವೆ. ಮುಂದಿನ ಸಲ ಊರಿಗೆ ಹೋದಾಗ, ನಿಮ್ಮ ಮೊದಲ ಜುಟ್ಟು ತೆಗೆದವರ ಮನೆಗೆ ಹೋಗಿ. ಹಡಪ ಉಳಿದಿದೆಯೇ ಕೇಳಿ. ಕೊಟ್ಟರೆ ಬೆಲೆ ಕಟ್ಟಿ ಕೊಳ್ಳಿ, ಚೌಕಾಸಿ ಬೇಡ. ಬಳಸಿದವರ ಹೆಸರನ್ನು ಬರೆದಿಡಿ. ಕೊಡದಿದ್ದರೆ ಕತ್ತಿ ಮಸೆಯುವುದು ಹೇಗೆಂದು ಕೇಳಿ, ಕೂತು ಕಲಿಯಿರಿ.

ನನ್ನ ಗಾಜಿನ ಪೆಟ್ಟಿಗೆಯಲ್ಲಿ ಎಂಟನೆಯದು ಈಗ ನಡುವೆ ಇದೆ. ಅದರ ಚೀಟಿಯಲ್ಲಿ ಆ ತಾತನ ಹೆಸರಿದೆ. ಗೆಳೆಯರು ದೀಪಾವಳಿಗೆ ಮತ್ತೆ ಬರುತ್ತಾರಂತೆ. ಮೊದಲು ಅದನ್ನೇ ಅವರ ಕೈಗೆ ಕೊಡುತ್ತೇನೆ.